ಸೂರಂಚು: ಬಣ್ಣ ಸಾಕೇ, ತುಂಡು ಹಾಕಬೇಕೇ, ಪೂರಾ ಕಳಚಬೇಕೇ?

ಇಳಿಜಾರು ಮಾಡಿನ ಮನೆಯಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಮಾಡಿನ ಅಂಚು. ಪಕಾಸಿಗಳ, ಅಂದರೆ ರಾಫ್ಟರುಗಳ, ತುದಿಗೆ ಅಡ್ಡಲಾಗಿ ನಿಲ್ಲಿಸಿ ಹೊಡೆದ ಹಲಗೆಗೆ ಫೇಸಿಯಾ ಎನ್ನುತ್ತಾರೆ. ಅದರ ಕೆಳ ಅಂಚಿನಿಂದ ಗೋಡೆಯವರೆಗೆ ಸೂರಿನ ತಳವನ್ನು ಮುಚ್ಚುವುದು ಸಾಫಿಟ್. ಅಂಗಳದಿಂದ ನೋಡಿದರೆ ಎದುರಿಗೆ ಕಾಣುವುದು ಫೇಸಿಯಾ, ಗೋಡೆಗೆ ಬೆನ್ನು ಕೊಟ್ಟು ತಲೆ ಎತ್ತಿದರೆ ಕಾಣುವುದು ಸಾಫಿಟ್.

ಅಲಂಕಾರಕ್ಕೆ ಹೊಡೆದ ಹಲಗೆಗಳೆಂದು ಇವನ್ನು ಕಡೆಗಣಿಸುವವರೇ ಹೆಚ್ಚು. ಆದರೆ ಮಳೆನೀರು ಹಿಡಿಯುವ ದೋಣಿ, ಅಂದರೆ ಗಟರ್, ನೇತಾಡುವುದು ಫೇಸಿಯಾದ ಮೇಲೆಯೇ. 125 ಮಿಮೀ ಅಗಲದ ಅರೆವೃತ್ತದ ದೋಣಿ ತುಂಬಿ ನಿಂತರೆ ಮೀಟರಿಗೆ ಸುಮಾರು 6 ಕೆಜಿ ನೀರಿನ ಭಾರ. ಕೊಳೆತ ಎಲೆ, ಕೆಸರು ಸೇರಿದರೆ ಇನ್ನೂ ಜಾಸ್ತಿ. ಸಾಫಿಟ್‌ನ ಕೆಲಸ ಬೇರೆ. ಅಟ್ಟಕ್ಕೆ ತಂಪು ಗಾಳಿ ಒಳಬರುವುದು ಅದರ ತೂತುಗಳಿಂದ. ಒಂದು ಭಾರ ಹೊರಬೇಕು, ಇನ್ನೊಂದು ಉಸಿರಾಡಬೇಕು. ಯಾವ ರಿಪೇರಿ ಆರಿಸಿಕೊಂಡರೂ ಈ ಎರಡು ಕೆಲಸ ಆದ ಮೇಲೆ ಮಿಕ್ಕದ್ದು ಚಂದ.

ಎದುರಿಗಿರುವ ದಾರಿಗಳು ನಾಲ್ಕು: ಕೆರೆದು ಬಣ್ಣ ಬಳಿಯುವುದು, ಕೆಟ್ಟಷ್ಟೇ ತುಂಡು ಬದಲಿಸುವುದು, ಹಳೆಯದರ ಮೇಲೆ ಹೊದಿಕೆ ಹಾಕುವುದು, ಎಲ್ಲ ಕಳಚಿ ಹೊಸದು ಕೂರಿಸುವುದು. ಯಾವುದು ಸರಿ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಒಳಗಿನ ಮರ ಎಷ್ಟು ಗಟ್ಟಿ ಇದೆ, ನೀರು ಎಲ್ಲಿಂದ ಬರುತ್ತಿದೆ ಎಂಬೆರಡು ತಿಳಿದರೆ ಮಾತ್ರ ಹೇಳಬಹುದು. ನೀರಿನ ದಾರಿ ಹುಡುಕದೆ ಹಲಗೆ ಬದಲಿಸಿದರೆ ಹೊಸ ಹಲಗೆಯೂ ಅದೇ ಜಾಗದಲ್ಲಿ ಕುಂಬಾಗುತ್ತದೆ.

ಚುಚ್ಚಿ ನೋಡುವುದು

ಮೊದಲ ಸುತ್ತು ನೆಲದಿಂದಲೇ ಆಗಲಿ, ಮಳೆ ಸುರಿಯುತ್ತಿರುವಾಗ. ದೋಣಿಯ ಹಿಂಬದಿಯಿಂದ ನೀರು ಜಿನುಗುತ್ತಿದೆಯೇ, ದೋಣಿಯ ನಡುಭಾಗ ತುಳುಕುತ್ತಿದೆಯೇ ಎಂಬುದು ಆಗಲ್ಲದೆ ಬೇರೆ ಯಾವಾಗಲೂ ಕಾಣದು. ಎರಡನೇ ಸುತ್ತಿಗೆ ಎರಡು ಒಣ ದಿನ ಬಿಟ್ಟು ಏಣಿ ಹತ್ತಬೇಕು. ಏಣಿಯನ್ನು ದೋಣಿಗೆ ಒರಗಿಸಬಾರದು. ಗೋಡೆಗೆ ತಾಗುವಂತೆ ಚಾಚು ಕೊಕ್ಕೆ ಕಟ್ಟಿ, ನಾಲ್ಕು ಅಡಿ ಎತ್ತರಕ್ಕೆ ಒಂದಡಿ ಹೊರಗೆ ಎಂಬ ಓರೆಯಲ್ಲಿ ನಿಲ್ಲಿಸಬೇಕು. ಸೂರಿನ ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಲೋಹದ ಏಣಿ ತರಲೇಬೇಡಿ.

ಕೈಯಲ್ಲಿ ಚೂಪಾದ ಸ್ಕ್ರೂಡ್ರೈವರ್ ಸಾಕು. ಹೆಬ್ಬೆರಳಿನ ಬಲದಲ್ಲಿ ಒತ್ತಿದಾಗ ಒಂದೆರಡು ಮಿಲಿಮೀಟರಿನಷ್ಟೇ ಗುಳಿ ಬಿದ್ದರೆ ಮರ ಚೆನ್ನಾಗಿದೆ. 5–6 ಮಿಮೀ ಸಲೀಸಾಗಿ ಇಳಿದರೆ ಒಳಗೆ ಕೊಳೆ ಇದೆ. ಮೇಲೆದ್ದ ಸಿಬಿರನ್ನೂ ನೋಡಿ: ಗಟ್ಟಿ ಮರ ಉದ್ದುದ್ದ ಎಳೆಯಾಗಿ ಸೀಳುತ್ತದೆ, ಲಡ್ಡಾದ ಮರ ರಸ್ಕಿನಂತೆ ಪುಡಿಪುಡಿಯಾಗಿ ಮುರಿಯುತ್ತದೆ. ತೇವ ಅಳೆಯುವ ಮೀಟರ್ ಸಿಕ್ಕರೆ ಲೆಕ್ಕ ಇನ್ನೂ ಸಲೀಸು. ಮರದ ತೇವಾಂಶ ಶೇ. 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ, ಶೇ. 28–30 ಮುಟ್ಟಿತೆಂದರೆ ಅದಕ್ಕೆ ಸುಗ್ಗಿ. ಎರಡು ದಿನ ಬಿಸಿಲು ಬಿದ್ದ ಮೇಲೂ ಮೀಟರ್ 25 ತೋರಿಸಿದರೆ ನೀರು ಎಲ್ಲಿಂದಲೋ ಬರುತ್ತಲೇ ಇದೆ ಎಂದರ್ಥ.

ಎಲ್ಲ ಕಡೆ ಚುಚ್ಚುತ್ತ ಹೋಗಬೇಕಿಲ್ಲ. ಹಲಗೆಗಳು ಕೂಡುವ ಸಂದು, ಮೂಲೆ, ದೋಣಿಯ ಬ್ರಾಕೆಟ್ ಹಿಂದೆ, ಎರಡು ಮಾಡುಗಳ ನಡುವಿನ ಕಣಿವೆಯ ನೀರು ಬೀಳುವ ಜಾಗ, ಮಾಡು ಗೋಡೆಗೆ ತಾಗಿ ಮುಗಿಯುವ ತುದಿ. ಹತ್ತರಲ್ಲಿ ಒಂಬತ್ತು ಸಲ ಕೊಳೆ ಶುರುವಾಗುವುದು ಇಲ್ಲೇ. ಮರದ ಅಡ್ಡಕೊಯ್ತದ ತುದಿ ಪಕ್ಕದ ಮೈಗಿಂತ ಬಹಳ ವೇಗವಾಗಿ ನೀರು ಹೀರುತ್ತದೆ. ಹಾಗಾಗಿ ಹಲಗೆಯ ನಡುವೆ ಏನೂ ಆಗದೆ ಸಂದಿನಲ್ಲಿ ಮಾತ್ರ ಗೇಣುದ್ದ ಹಾಳಾಗಿರುವುದು ಮಾಮೂಲು.

ಬಣ್ಣ ಎದ್ದಿರುವ ರೀತಿಯೂ ಸುಳಿವು ಕೊಡುತ್ತದೆ. ಬಿಸಿಲಿಗೆ ಬಳಲಿದ ಬಣ್ಣ ಮೇಲ್ಮೈಯಲ್ಲಿ ಸುಣ್ಣದಂತೆ ಉದುರುತ್ತದೆ, ಕೈಗೆ ಹತ್ತುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಮರಕ್ಕೆ ಅದರಿಂದ ತಕ್ಷಣ ಕೇಡಿಲ್ಲ. ಬೊಬ್ಬೆಯೆದ್ದು ದೊಡ್ಡ ಚಕ್ಕೆಯಾಗಿ, ಬರಿಯ ಮರ ಕಾಣುವಂತೆ ಕಳಚಿದರೆ ನೀರು ಹಲಗೆಯ ಹಿಂದಿನಿಂದ ಒತ್ತುತ್ತಿದೆ. ಇಂಥಲ್ಲಿ ಮತ್ತೆ ಮತ್ತೆ ಬಣ್ಣ ಬಳಿಯುವುದು ಕೂಲಿ ದಂಡ.

ಹುಳುಗಳದ್ದು ಬೇರೆ ಗುರುತು. ಗೋಡೆಯಿಂದ ಹತ್ತಿ ಬಂದ ಮಣ್ಣಿನ ಕೊಳವೆ ಗೆದ್ದಲಿನದು. ಬೆರಳು ತೂರುವಷ್ಟು, ಸುಮಾರು 12 ಮಿಮೀ, ಯಂತ್ರದಲ್ಲಿ ಕೊರೆದಂತೆ ದುಂಡಗಿನ ತೂತು ಮರ ಕೊರೆಯುವ ದುಂಬಿಯದು. ದುಂಬಿಯ ತೂತು ಒಂದೆರಡಿದ್ದರೆ ಮುಚ್ಚಿದರಾಯಿತು. ಗೆದ್ದಲು ಕಂಡರೆ ಹಲಗೆಯ ಮಾತು ಆಮೇಲೆ, ಪಕಾಸಿ ಮತ್ತು ಗೋಡೆಯ ಮೇಲಿನ ತೊಲೆ ಮೊದಲು ನೋಡಬೇಕು.

ಕಲೆ ಎಲ್ಲಿದೆ ಎಂಬುದೇ ಉತ್ತರ

ಸಾಫಿಟ್ ಕೆಳಗೆ ನಿಂತು ಕಲೆಯ ಜಾಗ ಗುರುತಿಸಿಕೊಳ್ಳಿ. ಹೊರ ಅಂಚಿನುದ್ದಕ್ಕೂ, ಫೇಸಿಯಾ ಪಕ್ಕದಲ್ಲಿ ಕಲೆಯಿದ್ದರೆ ದೋಣಿಯ ಹಿಂದೆ ನೀರು ಇಳಿಯುತ್ತಿದೆ. ಇದಕ್ಕೆ ಕಾರಣ ಬಹಳ ಸಲ ಒಂದು ಬೆರಳಗಲದ ತಗಡು ಇಲ್ಲದಿರುವುದು. ಮಾಡಿನ ಅಂಚಿಗೆ ಬಂದ ನೀರು ನೇರ ಕೆಳಗೆ ಬೀಳುವುದಿಲ್ಲ. ಮೈಗಂಟಿಕೊಂಡು ಅಂಚಿನ ಅಡಿಗೆ ಸುತ್ತಿ ಹಲಗೆಯ ಮೇಲೆ ಇಳಿಯುತ್ತದೆ. ತುದಿ ಹೊರಕ್ಕೆ ಮಡಿಸಿದ ಅಂಚುತಗಡು ಆ ನೀರನ್ನು ಕತ್ತರಿಸಿ ದೋಣಿಯೊಳಗೆ ಬೀಳಿಸುತ್ತದೆ. ತಗಡು ಇದ್ದೂ ಕಲೆಯಿದ್ದರೆ ದೋಣಿ ಕಟ್ಟಿಕೊಂಡಿದೆ ಅಥವಾ ಅದರ ಓಟ, ಅಂದರೆ ನೀರು ಹರಿಯಲು ಕೊಟ್ಟ ಇಳಿಜಾರು, ತಪ್ಪಿದೆ.

ಗೋಡೆಯ ಪಕ್ಕದಲ್ಲಿ ಕಲೆಯಿದ್ದರೆ ಫೇಸಿಯಾವನ್ನು ದೂರಬೇಡಿ. ಮೇಲಿನ ಮಾಡು ಸೋರಿ ನೀರು ಪಕಾಸಿಯ ಮೇಲೆ ಹರಿದು ಬಂದಿರಬಹುದು. ಹಿಮ ಬೀಳುವ ನಾಡುಗಳಲ್ಲಾದರೆ ಅಂಚಿನಲ್ಲಿ ಗಡ್ಡೆಕಟ್ಟಿದ ಮಂಜುಗಡ್ಡೆಯ ಹಿಂದೆ ನಿಂತ ನೀರು ಮಾಡಿನ ಹೊದಿಕೆಯ ಅಡಿಗೆ ನುಗ್ಗಿರಬಹುದು. ಅಲ್ಲಿ ಸಾಫಿಟ್ ಬದಲಿಸಿ ಪ್ರಯೋಜನವಿಲ್ಲ.

ಇಡೀ ಸಾಫಿಟ್ ಮೇಲೆ ಚುಕ್ಕೆಚುಕ್ಕೆಯಾಗಿ ಕರಿ ಬೂಷ್ಟು ಹರಡಿದ್ದರೆ ಅದು ಮಳೆನೀರಲ್ಲ, ಗಾಳಿಯಾಡದ ತೇವ. ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಸಾಫಿಟ್‌ಗೇ ತಂದು ಬಿಟ್ಟಿದ್ದಾರೆಯೇ ನೋಡಿ. ಹೊರಬಿದ್ದ ಬಿಸಿ ಹಬೆಯನ್ನು ಪಕ್ಕದ ಗಾಳಿಕಿಂಡಿ ಮತ್ತೆ ಅಟ್ಟದೊಳಕ್ಕೆ ಎಳೆದುಕೊಳ್ಳುತ್ತದೆ. ಕೊಳವೆಯನ್ನು ಮಾಡಿನ ಮೂಲಕವೋ ಗೋಡೆಯ ಮೂಲಕವೋ ಹೊರಕ್ಕೆ ಒಯ್ಯುವುದೇ ಮದ್ದು.

ನಾಲ್ಕು ದಾರಿಗಳು

ಬರಿಯ ಬಣ್ಣ ಸಾಕಾಗುವುದು ಸ್ಕ್ರೂಡ್ರೈವರ್ ಎಲ್ಲಿಯೂ ಇಳಿಯದಿದ್ದಾಗ, ತೇವಾಂಶ 18ರ ಒಳಗಿದ್ದಾಗ. ಕೆರೆದು, ಉಜ್ಜಿ, ಬರಿಮರಕ್ಕೆ ಪ್ರೈಮರ್, ಮೇಲೆ ಎರಡು ಕೈ ಹೊರಾಂಗಣದ ಮರಕ್ಕೆ ಬಳಿಯುವ ಬಣ್ಣ. ಹಲಗೆಯ ಕೆಳ ಅಂಚಿಗೆ ಕುಂಚ ತಾಗಿಸಲು ಮರೆಯುತ್ತಾರೆ. ಹನಿ ನಿಲ್ಲುವುದು ಅಲ್ಲೇ. ಬಹಳ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇದ್ದೀತು, ಅಮೆರಿಕದಲ್ಲಿ ಮನೆಬಣ್ಣಕ್ಕೆ ಸೀಸ ನಿಷೇಧವಾದದ್ದೇ 1978ರಲ್ಲಿ. ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವ ಮೊದಲು ಪರೀಕ್ಷಿಸುವುದು ಒಳ್ಳೆಯದು.

ಕೊಳೆ ಅಂಗೈಯಗಲಕ್ಕಿಂತ ಚಿಕ್ಕದಿದ್ದು ಭಾರ ಬೀಳದ ಜಾಗದಲ್ಲಿದ್ದರೆ ಎಪಾಕ್ಸಿ, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ರಾಳ, ತುಂಬಬಹುದು. ಲಡ್ಡಾದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಮರ ಪೂರಾ ಒಣಗಿದ ಮೇಲೆ ಮೊದಲು ತೆಳುವಾದ ಗಟ್ಟಿಗೊಳಿಸುವ ದ್ರವ ಕುಡಿಸಿ, ಆಮೇಲೆ ಪುಟ್ಟಿಯಂಥದ್ದನ್ನು ತುಂಬಬೇಕು. ಬ್ರಾಕೆಟ್ ಸ್ಕ್ರೂ ಕೂರುವ ಜಾಗಕ್ಕೆ ಈ ಉಪಾಯ ಬೇಡ.

ತುಂಡು ಬದಲಿಸುವುದು ನನ್ನ ಮಟ್ಟಿಗೆ ಜನ ಅತಿ ಕಡಿಮೆ ಬಳಸುವ, ಅತಿ ಸರಿಯಾದ ದಾರಿ. ಒಂದು ಬದಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕೆಟ್ಟಿದ್ದರೆ ಇದನ್ನೇ ಮೊದಲು ಯೋಚಿಸಬೇಕು. ಕೊಳೆ ಮುಗಿದಂತೆ ಕಂಡಲ್ಲಿಂದ ಎರಡೂ ಕಡೆ 300 ಮಿಮೀ ಮುಂದೆ ಹೋಗಿ, ಅಲ್ಲಿಂದ ಹತ್ತಿರದ ಪಕಾಸಿಯ ನಡುಮೈಗೆ ಗೀಟು ಹಾಕಿ ಕೊಯ್ಯಬೇಕು. ಎರಡು ಪಕಾಸಿಗಳ ನಡುವೆ ಗಾಳಿಯಲ್ಲಿ ಸಂದು ಬಿದ್ದರೆ ವರ್ಷದೊಳಗೆ ಬಾಯಿ ಬಿಡುತ್ತದೆ. ನೇರ ಕೊಯ್ತಕ್ಕಿಂತ 45 ಡಿಗ್ರಿ ಓರೆ ಕೊಯ್ತ ಲೇಸು. ಮರ ಕುಗ್ಗಿದರೂ ಸೀಳು ಎದ್ದು ಕಾಣದು, ನೀರಿಗೆ ನೇರ ದಾರಿಯೂ ಸಿಗದು. ಹೊಸ ತುಂಡಿನ ಆರೂ ಮೈಗೆ, ಮುಖ್ಯವಾಗಿ ಹಿಂಬದಿಗೆ ಮತ್ತು ಎರಡು ಕೊಯ್ದ ತುದಿಗೆ, ಏಣಿ ಹತ್ತುವ ಮೊದಲೇ ಪ್ರೈಮರ್ ಆಗಿರಬೇಕು.

ಹೊದಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಾರುವವರು ಹೆಚ್ಚು ಮಾರುವುದು ಇದನ್ನೇ: ಹಳೆಯ ಹಲಗೆಯ ಮೇಲೆ 9 ಮಿಮೀ ದಪ್ಪದ ಯುಪಿವಿಸಿ (ಗಡುಸು ಪ್ಲಾಸ್ಟಿಕ್) ಹಲಗೆ, ಇಲ್ಲವೇ ಅರ್ಧ ಮಿಲಿಮೀಟರಿನ ಅಲ್ಯುಮಿನಿಯಂ ತಗಡು ಮಡಿಸಿ ಹೊದಿಸುವುದು. ಒಂದೇ ದಿನದ ಕೆಲಸ, ಬಣ್ಣದ ಚಿಂತೆ ಇಲ್ಲ. ಒಳಗಿನ ಮರ ಗಟ್ಟಿಯಿದ್ದು ಒಣಗಿದ್ದರೆ ತಪ್ಪೇನಿಲ್ಲ. ಆದರೆ ಕೊಳೆತದ್ದರ ಮೇಲೆ ಹೊದಿಸಿದರೆ ತೇವ ಒಳಗೇ ಬಂದಿಯಾಗಿ, ಕೊಳೆ ಕಣ್ಣಿಗೆ ಬೀಳದೆ ಪಕಾಸಿಯ ತುದಿಗೆ ಹಬ್ಬುತ್ತದೆ. 9 ಮಿಮೀ ಹಲಗೆಗೆ ತನ್ನದೇ ಬಲವಿಲ್ಲ. ದೋಣಿಯ ಸ್ಕ್ರೂ ಹಿಡಿಯುವುದು ಹಿಂದಿನ ಹಳೆಯ ಮರವನ್ನೇ. ಆ ಮರ ಲಡ್ಡಾಗಿದ್ದರೆ ಒಂದು ಜೋರು ಮಳೆಗೆ ದೋಣಿ ಸಮೇತ ಕಿತ್ತು ಬರುತ್ತದೆ. ಇನ್ನೊಂದು ಸೂಕ್ಷ್ಮ: ಹೊದಿಕೆಯ ದಪ್ಪದಷ್ಟು ದೋಣಿ ಹೊರಕ್ಕೆ ಸರಿಯುತ್ತದೆ. ಮಾಡಿನ ಅಂಚು ಮೊದಲೇ ಗಿಡ್ಡವಾಗಿದ್ದರೆ ನೀರು ಈಗ ದೋಣಿಯ ಹಿಂದೆ ಬೀಳಲು ಶುರುವಾಗುತ್ತದೆ.

ಸಾಫಿಟ್‌ಗೆ ಹೊದಿಕೆ ಹಾಕುವಾಗ ಆಗುವ ತಪ್ಪು ಇದಕ್ಕಿಂತ ತಮಾಷೆಯದು. ತೂತಿರುವ ಹೊಸ ಫಲಕವನ್ನು ತೂತಿಲ್ಲದ ಹಳೆಯ ಪ್ಲೈವುಡ್ ಕೆಳಗೆ ಹೊಡೆದುಬಿಡುತ್ತಾರೆ. ಕೆಳಗಿನಿಂದ ನೋಡಿದರೆ ನೂರಾರು ಕಿಂಡಿ, ಅಟ್ಟಕ್ಕೆ ಹೋಗುವ ಗಾಳಿ ಸೊನ್ನೆ. ಹಳೆಯ ಫಲಕವನ್ನು ಉದ್ದಕ್ಕೂ ಕೊಯ್ದು ದಾರಿ ಬಿಡಬೇಕು, ಇಲ್ಲವೇ ತೆಗೆದೇ ಹಾಕಬೇಕು.

ಪೂರ್ತಿ ಕಳಚಬೇಕಾದ ಸಂದರ್ಭಗಳು ಸ್ಪಷ್ಟವಾಗಿವೆ. ಒಂದೇ ಬದಿಯಲ್ಲಿ ಮೂರ್ನಾಲ್ಕು ಕಡೆ ಸ್ಕ್ರೂಡ್ರೈವರ್ ಇಳಿದಿದೆ. ದೋಣಿಯ ಬ್ರಾಕೆಟ್ ಬಿಗಿದಷ್ಟೂ ಸಡಿಲವಾಗುತ್ತಿದೆ. ಹಲಗೆ ಪಕಾಸಿಯಿಂದ ದೂರ ಸರಿದು ಸಂದಿ ಕಾಣುತ್ತಿದೆ. ಸಾಫಿಟ್ ಜೋತುಬಿದ್ದಿದೆ ಅಥವಾ ಪ್ಲೈವುಡ್ ಪದರ ಬಿಟ್ಟಿದೆ. ಇಲಿ, ಅಳಿಲು, ಹಕ್ಕಿ ಒಳಹೊಕ್ಕಿವೆ. ಪದರ ಬಿಟ್ಟ ಪ್ಲೈವುಡ್ಡಿಗೆ ಯಾವ ಅಂಟೂ ಮದ್ದಲ್ಲ. ಮಾಡಿನ ಹೊದಿಕೆಯನ್ನೇ ಬದಲಿಸುವ ಯೋಚನೆ ಎರಡು ಮೂರು ವರ್ಷದೊಳಗೆ ಇದ್ದರೆ ಫೇಸಿಯಾವನ್ನೂ ಆಗಲೇ ಮಾಡಿಸಿ. ಅಂಚುತಗಡು ಎರಡರ ನಡುವೆ ಕೂರುತ್ತದೆ. ಒಂದನ್ನು ಬಿಚ್ಚದೆ ಇನ್ನೊಂದನ್ನು ಸರಿಯಾಗಿ ಮಾಡುವುದು ಕಷ್ಟ. ಗಾಳಿ ಜೋರಾಗಿ ಬೀಸುವ ಕಡೆ ಸಡಿಲ ಸಾಫಿಟ್ ತಡಮಾಡಲೇಬಾರದ ಕೆಲಸ. ಒಂದು ಫಲಕ ಹಾರಿದರೆ ಮಳೆ ಅಟ್ಟಕ್ಕೆ ನುಗ್ಗುವುದಲ್ಲದೆ ಗಾಳಿ ಒಳಹೊಕ್ಕು ಮಾಡನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ.

ಯಾವ ಸಾಮಾನು

ಮರ ರಿಪೇರಿಗೆ ಒಗ್ಗುತ್ತದೆ, ಭಾರ ಹೊರುತ್ತದೆ, ಕೆಲವು ವರ್ಷಕ್ಕೊಮ್ಮೆ ಬಣ್ಣ ಕೇಳುತ್ತದೆ. ಔಷಧಿ ಹೊಡೆದ ಮರವಾದರೆ ಮೊಳೆ, ಸ್ಕ್ರೂ ಸ್ಟೇನ್‌ಲೆಸ್ ಇರಲಿ, ಇಲ್ಲವೇ ಬಿಸಿ ಸತುವಿನಲ್ಲಿ ಅದ್ದಿದ್ದು. ಆ ಔಷಧಿಗಳಲ್ಲಿ ಹಲವಕ್ಕೆ ತಾಮ್ರವೇ ಮೂಲ. ತಾಮ್ರ ಸಾದಾ ಮೊಳೆಯನ್ನೂ ಅಲ್ಯುಮಿನಿಯಮನ್ನೂ ತಿನ್ನುತ್ತದೆ. ಹಾಗಾಗಿ ಅಂಥ ಮರದ ಮೇಲೆ ಅಲ್ಯುಮಿನಿಯಂ ತಗಡನ್ನು ನೇರ ಹೊದಿಸಲೂ ಬಾರದು.

ಯುಪಿವಿಸಿ ಕೊಳೆಯದು, ಗೆದ್ದಲಿಗೆ ರುಚಿಸದು. ಅದರ ರೋಗ ಹಿಗ್ಗುವಿಕೆ. 3.6 ಮೀಟರ್ ಉದ್ದದ ಹಲಗೆ 40 ಡಿಗ್ರಿ ಬಿಸಿಯೇರಿದರೆ 9 ಮಿಮೀ ಸುಮಾರು ಬೆಳೆಯುತ್ತದೆ. ಅಷ್ಟೇ ಉದ್ದದ ಅಲ್ಯುಮಿನಿಯಂ 3 ಮಿಮೀ ಸ್ವಲ್ಪ ಹೆಚ್ಚು. ಪ್ರತಿ ತುದಿಯಲ್ಲಿ 5 ಮಿಮೀ ಬಿಟ್ಟು ಸಂದಿಗೆ ಜೋಡುಪಟ್ಟಿ ಹಾಕದಿದ್ದರೆ ಬೇಸಿಗೆಯ ಮಧ್ಯಾಹ್ನ ಹಲಗೆ ಹಾವಿನಂತೆ ಡೊಂಕಾಗುತ್ತದೆ. ಗಾಢ ಬಣ್ಣದವು ಇನ್ನೂ ಕಾಯುತ್ತವೆ. ಹಳೆಯದನ್ನು ಕಳಚಿ ಹಾಕುವುದಾದರೆ 16 ಮಿಮೀಗಿಂತ ತೆಳುವಾದ ಹಲಗೆ ಒಪ್ಪಬೇಡಿ. ಪ್ರತಿ ಪಕಾಸಿಗೆ ಎರಡರಂತೆ 65 ಮಿಮೀ ಸ್ಟೇನ್‌ಲೆಸ್ ಮೊಳೆ, ನಡುವೆ 600 ಮಿಮೀ ಮೀರದ ಅಂತರ.

ಅಲ್ಯುಮಿನಿಯಂ ಸಾಫಿಟ್‌ಗೆ ಚೆನ್ನ, ಬೆಂಕಿಗೂ ಪ್ಲಾಸ್ಟಿಕ್ಕಿಗಿಂತ ಮೇಲು. ಏಣಿ ತಾಗಿದರೆ ಗುಳಿ ಬೀಳುತ್ತದೆ, ಆ ಗುಳಿ ಹೋಗದು. ಮೊಳೆಯನ್ನು ಉದ್ದ ತೂತಿನ ನಡುವೆ, ತುಸು ಸಡಿಲವಾಗಿ ಹೊಡೆಯಬೇಕು. ಬಿಗಿದರೆ ತಗಡು ಅಲೆಯಲೆಯಾಗಿ ಉಬ್ಬುತ್ತದೆ.

ಫೈಬರ್ ಸಿಮೆಂಟ್, ಅಂದರೆ ನಾರು ಬೆರೆಸಿದ ಸಿಮೆಂಟ್ ಹಲಗೆ, ಉರಿಯದು, ಕೊಳೆಯದು, ಹುಳು ಹತ್ತದು. ಭಾರ ಮಾತ್ರ ಹೆಚ್ಚು. ಕೊಯ್ದ ಅಂಚಿಗೆ ಬಣ್ಣ ಮುಟ್ಟಿಸದಿದ್ದರೆ ನೀರು ಹೀರಿ ಪದರ ಬಿಡುತ್ತದೆ. ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವಂಥದ್ದು. ಬಯಲಲ್ಲಿ, ಧೂಳು ತಡೆಯುವ ಸರಿಯಾದ ಮಾಸ್ಕ್ ಹಾಕಿಯೇ ಕೊಯ್ಯಬೇಕು. ಮೂಗಿಗೆ ಟವೆಲ್ ಕಟ್ಟಿಕೊಳ್ಳುವುದು ಲೆಕ್ಕಕ್ಕಿಲ್ಲ.

ಕಾಡು ಬೆಂಕಿಯ ಭಯವಿರುವ ಕಡೆ ಸಾಫಿಟ್‌ಗೆ ಫೈಬರ್ ಸಿಮೆಂಟ್ ಅಥವಾ ಲೋಹ. ಮಿಕ್ಕ ಕಡೆ ಫೇಸಿಯಾಕ್ಕೆ ಒಳ್ಳೆಯ ಮರ, ಸಾಫಿಟ್‌ಗೆ ಅಲ್ಯುಮಿನಿಯಂ ಎಂಬುದು ನನ್ನ ಆಯ್ಕೆ. ಏಣಿ ಹತ್ತಿ ಬಣ್ಣ ಬಳಿಯುವವರು ಯಾರೂ ಸಿಗದ ಮನೆಗೆ ದಪ್ಪ ಯುಪಿವಿಸಿ.

ಬಿಚ್ಚುವ ಮೊದಲು ಒಂದು ಎಚ್ಚರ

ಹಳೆಯ ಮನೆಯ ಸಾಫಿಟ್ ಬೂದು ಬಣ್ಣದ, ಸಿಮೆಂಟಿನಂಥ ಚಪ್ಪಟೆ ಹಾಳೆಯಾಗಿದ್ದರೆ ಅದು ಕಲ್ನಾರಿನದ್ದು, ಅಂದರೆ ಆಸ್ಬೆಸ್ಟಾಸಿನದ್ದು, ಆಗಿರಬಹುದು. ಬ್ರಿಟನ್ನಿನಲ್ಲಿ ಕಲ್ನಾರು ಪೂರ್ತಿ ನಿಷೇಧವಾದದ್ದು 1999ರಲ್ಲಿ, ಆಸ್ಟ್ರೇಲಿಯಾದಲ್ಲಿ 2003ರ ಕೊನೆಗೆ. ಅದಕ್ಕಿಂತ ಹಿಂದಿನ ಮನೆಯಾದರೆ ಅನುಮಾನದಿಂದಲೇ ನೋಡಬೇಕು. ಕೊರೆಯಬೇಡಿ, ಒಡೆಯಬೇಡಿ, ಉಜ್ಜಬೇಡಿ. ಚೂರು ಪರೀಕ್ಷೆಗೆ ಹೋಗಿ ಉತ್ತರ ಬರುವವರೆಗೆ ಕೆಲಸ ನಿಲ್ಲಲಿ. ಕಲ್ನಾರೇ ಎಂದಾದರೆ ತೆಗೆಯುವುದು ಅದರ ತರಬೇತಿ ಇದ್ದವರ ಕೆಲಸ. ಬಾವಲಿಗಳ ವಾಸವಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಹಲವು ದೇಶಗಳಲ್ಲಿ ಅವುಗಳ ಗೂಡು ಮುಚ್ಚುವುದು ಅಪರಾಧ.

ಲೆಕ್ಕ

ಗೋಡೆಯಿಂದ ಗೋಡೆಗೆ 12 ಮೀ ಉದ್ದ, 9 ಮೀ ಅಗಲದ ಮನೆ, ನಾಲ್ಕೂ ಕಡೆ ಇಳಿಜಾರು, ಅರ್ಧ ಮೀಟರ್ ಸೂರು ಎಂದಿಟ್ಟುಕೊಳ್ಳಿ. ಹೊರ ಅಳತೆ 13 ಮತ್ತು 10 ಆಗುವುದರಿಂದ ಫೇಸಿಯಾ 46 ಮೀಟರ್. ಸಾಫಿಟ್ 130ರಲ್ಲಿ 108 ಕಳೆದು 22 ಚದರ ಮೀಟರ್. ಕೊಯ್ತದ ನಷ್ಟಕ್ಕೆ ಶೇ. 10 ಸೇರಿಸಿದರೆ 3.6 ಮೀಟರಿನ 15 ಹಲಗೆ, ಸುಮಾರು 24 ಚದರ ಮೀಟರ್ ಫಲಕ.

ಗಾಳಿಗೆ ಅಮೆರಿಕದ ವಾಡಿಕೆಯ ಸೂತ್ರ ಹೀಗಿದೆ: ಅಟ್ಟದ ನೆಲದ 150ರಲ್ಲಿ ಒಂದು ಪಾಲು ತೆರಪು ಬೇಕು, ನೆತ್ತಿಯಲ್ಲೂ ಸೂರಿನಲ್ಲೂ ಸಮವಾಗಿ ಹಂಚಿದ್ದರೆ 300ರಲ್ಲಿ ಒಂದು ಸಾಕು. ನಮ್ಮ 108 ಚದರ ಮೀಟರಿಗೆ 0.36 ಚದರ ಮೀಟರ್, ಅದರಲ್ಲಿ ಅರ್ಧ ಸೂರಿಗೆ, ಅಂದರೆ ಮೀಟರಿಗೆ 40 ಚದರ ಸೆಂಟಿಮೀಟರ್ ಹತ್ತಿರ. ಬ್ರಿಟನ್ನಿನವರು ಲೆಕ್ಕ ಸುಲಭ ಮಾಡಿಕೊಂಡಿದ್ದಾರೆ: 15 ಡಿಗ್ರಿಗಿಂತ ಕಡಿದಾದ ಮಾಡಿಗೆ ಉದ್ದಕ್ಕೂ 10 ಮಿಮೀ ಸೀಳು, ಚಪ್ಪಟೆಯಾದದ್ದಕ್ಕೆ 25 ಮಿಮೀ. 10 ಮಿಮೀ ಸೀಳೆಂದರೆ ಮೀಟರಿಗೆ 100 ಚದರ ಸೆಂಮೀ. 3–4 ಮಿಮೀ ಕಣ್ಣಿನ ಜಾಲರಿ ಹಾಕಿ ಅರ್ಧ ಕಳೆದುಕೊಂಡರೂ ಸಾಲುತ್ತದೆ. ಅಟ್ಟದ ಶಾಖನಿರೋಧಕ ಹಾಸು ಸೂರಿನವರೆಗೆ ತುರುಕಿಕೊಂಡಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಹಾಸಿನ ಮೇಲೆ ಕನಿಷ್ಠ 25 ಮಿಮೀ, ಸಾಧ್ಯವಾದರೆ 50, ಗಾಳಿದಾರಿ ಉಳಿಯಲಿ.

ಕೆಲಸದ ಸರದಿ

ಮೊದಲು ದೋಣಿ ಇಳಿಸಿ, ಆಮೇಲೆ ಫೇಸಿಯಾ, ಕೊನೆಗೆ ಸಾಫಿಟ್ ಕಳಚಬೇಕು. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ, ಮಳೆ ಬಂದರೆ ಅಟ್ಟ ತೆರೆದುಕೊಂಡಿರುತ್ತದೆ. ಈಗ ಪಕಾಸಿಯ ತುದಿಗಳೆಲ್ಲ ಕಣ್ಣಿಗೆ ಬೀಳುತ್ತವೆ, ಪ್ರತಿಯೊಂದನ್ನೂ ಚುಚ್ಚಿ. ತುದಿ ಕುಂಬಾಗಿದ್ದರೆ ಗಟ್ಟಿ ಮರದವರೆಗೆ ಕೊಯ್ದು, ಪಕ್ಕಕ್ಕೆ ಅದೇ ಅಳತೆಯ ಜೋಡುಮರ ಸೇರಿಸಿ ಬೋಲ್ಟ್ ಹಾಕಬೇಕು. ಜೋಡುಮರ ಹೊರಗೆ ಎಷ್ಟು ಚಾಚಿದೆಯೋ ಅದರ ಎರಡರಷ್ಟಾದರೂ ಒಳಗೆ ಹೋಗಲಿ. ಇದನ್ನು ಗುತ್ತಿಗೆಯ ಮಾತಿನಲ್ಲೇ ಸೇರಿಸಿಕೊಳ್ಳಿ: ಬಿಚ್ಚಿದ ಮೇಲೆ ಸಿಗುವ ಪ್ರತಿ ಕೆಟ್ಟ ತುದಿಗೆ ಇಷ್ಟು ಎಂದು ದರ ಮೊದಲೇ ಬರೆದಿರಲಿ.

ತುದಿಗಳು ಒಂದೇ ಗೆರೆಯಲ್ಲಿವೆಯೇ ಎಂದು ಮೂಲೆಯಿಂದ ಮೂಲೆಗೆ ದಾರ ಎಳೆದು ನೋಡಿ. ಇಲ್ಲದಿದ್ದರೆ ಚಕ್ಕೆ ಕೊಟ್ಟು ಸರಿಮಾಡಿ. ಗೋಡೆಗೆ ರೀಪು ಹೊಡೆದು ಸಾಫಿಟ್ ಕೂರಿಸಿ, ಮೇಲೆ ಫೇಸಿಯಾ ಬಂದು ಅದರ ಹೊರ ಅಂಚನ್ನು ಮರೆಮಾಡಲಿ. ಸೂರು ಅಗಲವಾಗಿದ್ದರೆ ತೆಳು ಫಲಕಕ್ಕೆ ನಡುವೆಯೂ ಒಂದು ರೀಪು ಬೇಕು, ಇಲ್ಲವಾದರೆ ಗಾಳಿಗೆ ಪಟಪಟ ಬಡಿದು ಮೊಳೆ ಕೀಳುತ್ತದೆ. ಅಂಚುತಗಡಿನ ಮಡಿಕೆ ಫೇಸಿಯಾದ ಮೇಲೆ ಇಳಿದು ದೋಣಿಯ ಹಿಂದಿನ ಅಂಚಿನ ಒಳಗೆ ಬೀಳಬೇಕು. ಬ್ರಾಕೆಟ್‌ಗಳು 600ರಿಂದ 900 ಮಿಮೀ ಅಂತರದಲ್ಲಿ, ಪ್ರತಿ 3 ಮೀಟರಿಗೆ 6 ಮಿಮೀ ಓಟ ಕೊಟ್ಟು.

ಕೆಲಸಕ್ಕೆ ಕಟ್ಟಿದ ಅಟ್ಟಣಿಗೆ (ಸ್ಕ್ಯಾಫೋಲ್ಡಿಂಗ್) ಬಿಚ್ಚುವ ಮೊದಲು ದೋಣಿಯ ಮೇಲ್ತುದಿಯಿಂದ ಎರಡು ಬಕೆಟ್ ನೀರು ಸುರಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿದಾಗ ಎಲ್ಲಾದರೂ ಬೆರಳುಗುರು ಮುಳುಗುವಷ್ಟು ನೀರು ನಿಂತಿದ್ದರೆ ಆ ಬ್ರಾಕೆಟ್ ಎತ್ತಬೇಕು. ಆಮೇಲೆ ಮಾಡಿನ ಮೇಲಿನಿಂದ ಪೈಪ್ ಹಿಡಿದು ಐದು ನಿಮಿಷ ನೀರು ಬಿಟ್ಟು, ಫೇಸಿಯಾದ ಹಿಂಬದಿಗೆ ಕೈ ತೂರಿಸಿ ಮುಟ್ಟಿ ನೋಡಿ. ಕೈ ಒಣಗಿಯೇ ಬಂದರೆ ಕೆಲಸದವರಿಗೆ ಕೊನೆಯ ಕಂತು ಕೊಡಬಹುದು.